ಹೆಸರಿನ ಜಾಗ

ಆಗಸ್ಟ್ 5, ಸೋಮವಾರ. ಸ್ಟಾಫ್ ರೂಮು

ಬಸ್ಸು ಮತ್ತೆ ತಡ. ಬಮ್ಮಿಗಟ್ಟಿಯಿಂದ ಕಲಘಟಗಿ, ಅಲ್ಲಿ ಇಳಿದು ದುಮ್ಮವಾಡದ ಬಸ್ಸು. ಸಾಲೆ ಮುಟ್ಟುವಷ್ಟರಲ್ಲಿ ಪ್ರಾರ್ಥನೆ ಮುಗಿದಿತ್ತು. ಹೆಡ್‌ಮಾಸ್ತರರು ಗಡಿಯಾರ ನೋಡಿದರು, ನನ್ನನ್ನು ನೋಡಲಿಲ್ಲ. ಅತಿಥಿ ಶಿಕ್ಷಕಿ ಅಂತ ಹುದ್ದೆಯ ಹೆಸರು. ಅತಿಥಿಗೆ ಚಹಾ ಕೂಡ ತಾನೇ ಕಾಸಿಕೊಳ್ಳಬೇಕು.

ಹತ್ತನೇ ತರಗತಿಗೆ ಇವತ್ತಿನಿಂದ ನೌನ್ ಕ್ಲಾಜ್. ಅದಕ್ಕೂ ಮೊದಲು ನೌನ್ ಏನೇನು ಕೆಲಸ ಮಾಡುತ್ತದೆ ಅನ್ನುವುದು. ಕರ್ತೃವಾಗಿ ಎಲ್ಲಿ ಕೂರುತ್ತದೆ, ಕರ್ಮವಾಗಿ ಎಲ್ಲಿ ಕೂರುತ್ತದೆ… ಬೋರ್ಡಿನ ಮೇಲೆ I know ಅಂತ ಬರೆದು ಪಕ್ಕದಲ್ಲಿ ಒಂದು ಖಾಲಿ ಚೌಕ ಎಳೆದೆ.

"ಈ ಜಾಗಾದಾಗ ಒಂದ ಹೆಸರ ಕುಂದ್ರತೈತಿ. ಇಲ್ಲಾಂದ್ರ ಒಂದ ಇಡೀ ಮಾತ ಬಂದ ಕುಂದ್ರತೈತಿ" ಅಂದೆ. ಚೌಕದೊಳಗೆ ಮೊದಲು the answer ಅಂತ ಬರೆದೆ. ಒರೆಸಿ where he went ಅಂತ ಬರೆದೆ. ಅವನು ಎಲ್ಲಿಗೆ ಹೋದ ಅನ್ನುವುದು ನನಗೆ ಗೊತ್ತು.

ಮುಮತಾಜ್ ಎದ್ದಳು. ಬಳೆ ಮಾರುವ ಜಮೀಲಾಬಿಯ ಮೊಮ್ಮಗಳು. ಬಾಯಿ ಒಂದು ಗಳಿಗೆ ಸುಮ್ಮನಿರದು.

"ಟೀಚರ್, ಹೆಸರ ಹೇಳಿದ್ರ ಮುಗೀತಲ್ರಿ. ಇಷ್ಟುದ್ದ ಯಾಕ ಹೇಳಬೇಕ್ರಿ?"

"ಹೆಸರ ಗೊತ್ತಿಲ್ಲದಾಗ ಹಿಂಗ ಹೇಳ್ತಾರವಾ."

"ಗೊತ್ತಿದ್ರೂ ಹೇಳೂದಿಲ್ರಿ! ನಮ್ಮ ದಾದಿ ನಮ್ಮ ದಾದಾಗ 'ಸಂತಿಗೆ ಹೋದವ್ರು ಬಂದ್ರೇನು' ಅಂತಾಳ್ರಿ."

ಇಡೀ ಕ್ಲಾಸು ನಕ್ಕಿತು. ನಾನೂ ನಕ್ಕೆ. ಬಿಗಿಯಾಗಿ ಹಿಡಿದರೆ ಅದು ಪೂರ್ತಿ ನೌನ್ ಕ್ಲಾಜ್ ಅಲ್ಲ. ಆದರೂ ಬಿಟ್ಟೆ, ಹುಡುಗರಿಗೆ ದಾರಿ ಸಿಕ್ಕರೆ ಸಾಕು. ನಕ್ಕ ಮೇಲೆ ಹೊರಗೆ ಹೋಗಿ ನೀರು ಕುಡಿದು ಬಂದೆ.

ಆಗಸ್ಟ್ 6. ಬೆಳಿಗ್ಗೆ, ಬಸ್ಸಿಗೆ ಮುಂಚೆ

ನಗುವುದಕ್ಕೆ ನನಗೇನು ಹಕ್ಕಿದೆ! ನಾನೂ ಜಮೀಲಾಬಿಯ ಜಾತಿಯವಳೇ. ಯಾರೂ ಓದದ ಈ ಪುಸ್ತಕದಲ್ಲೂ ನನ್ನವರ ಹೆಸರಿನ ಜಾಗಕ್ಕೆ ಗೆರೆ ಎಳೆದು ಮುಂದೆ ಹೋಗುತ್ತೇನೆ. ಬಿ.ಎ., ಬಿ.ಎಡ್. ಅಂತೆ. ಅಣ್ಣಿಗೇರಿಯಲ್ಲಿ ಕಾಲೇಜಿಗೆ ಹೋಗುವಾಗ, ಗಂಡನ ಹೆಸರು ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಅನ್ನುವ ಮಾತಿಗೆ ಗೆಳತಿಯರೆಲ್ಲ ಹೊಟ್ಟೆ ಹಿಡಿದು ನಗುತ್ತಿದ್ದೆವು. ಮದುವೆಯಾಗಿ ಈ ಮನೆಗೆ ಬಂದೆ. ಹೇಳಲಿಲ್ಲ. 'ರೀ' ಅಂದೆ, 'ಇವರು' ಅಂದೆ. ಆಯುಷ್ಯ ಹೇಗೂ ಕಡಿಮೆಯೇ ಇತ್ತು.

ಬಾಯಿ ಬಿಟ್ಟು ಹೇಳಲು ಅಪ್ಪಣೆ ಇದ್ದದ್ದು ಒಡಪಿನಲ್ಲಿ ಮಾತ್ರ. ಮದುವೆ, ಬಸಿರಿಯ ಕುಬುಸ, ತೊಟ್ಟಿಲು, ಎಲ್ಲಿ ನಾಲ್ಕು ಹೆಂಗಸರು ಕೂಡಿದರೂ ಸರತಿಯ ಮೇಲೆ ಎರಡು ಸಾಲು ಪ್ರಾಸ ಕಟ್ಟಿ ಅದರೊಳಗೆ ಗಂಡನ ಹೆಸರು ಹೇಳಬೇಕು. ಹೇಳದಿದ್ದರೆ ಬಿಡುವುದಿಲ್ಲ. ನಾನು ಈ ಮನೆಯ ಹೊಸ್ತಿಲು ದಾಟುವ ದಿನ ಬಾಗಿಲಿಗೆ ಎರಡೂ ಕೈ ಅಡ್ಡ ಇಟ್ಟು ನಿಂತವಳು ಅವರ ತಂಗಿ ಸೌಂದರ್ಯಾ. ಆಗಿನ್ನೂ ಎರಡು ಜಡೆಯ ಹುಡುಗಿ. ತವರಿನಲ್ಲಿ ಸೋದರತ್ತೆ ಕಲಿಸಿ ಕಳಿಸಿದ್ದನ್ನು ಒಂದೇ ಉಸಿರಿಗೆ ಒದರಿದ್ದೆ.

ಹಿತ್ತಲದಾಗ ಹಚ್ಚೀರಿ ಕರಿಬೇವಿನ ಗಿಡ,
—— ಅವರ ಹೆಸರ ಹೇಳೀನಿ, ನಾದಿನಿ ಬಾಗಿಲ ಬಿಡ.

ಪಕ್ಕದಲ್ಲಿ ನಿಂತಿದ್ದವರ ಕಿವಿ ಕೆಂಪಗಾಗಿತ್ತು. ಯಾರಿಗೂ ಕೇಳದ ಹಾಗೆ "ಇನ್ನೊಮ್ಮೆ ಹೇಳ" ಅಂದಿದ್ದರು.

ಅವರು ಹೋದ ಮರುವರ್ಷ ಸೌಂದರ್ಯಾಳ ಮದುವೆ. ಒಡಪಿನ ಸರತಿ ನನ್ನ ತನಕ ಬಂತು, ನನ್ನನ್ನು ದಾಟಿ ಬಾಜು ಕೂತವಳಿಗೆ ಹೋಯಿತು. ಯಾರೂ ಏನೂ ಅನ್ನಲಿಲ್ಲ. ನಮ್ಮಲ್ಲಿ ಅಂಥ ಭೇದವಿಲ್ಲ ಅಂತ ಎಲ್ಲರೂ ಹೇಳುತ್ತಾರೆ. ಸರತಿ ಮಾತ್ರ ದಾಟಿ ಹೋಗುತ್ತದೆ.

ಆಗಸ್ಟ್ 9. ಪಂಚಮಿ

ಅತ್ತೆ ಶೇಂಗಾ ಉಂಡಿ, ಎಳ್ಳುಂಡಿ ಕಟ್ಟಿದರು. ಎಳ್ಳುಂಡಿ ಈ ಮನೆಯಲ್ಲಿ ತಿನ್ನುತ್ತಿದ್ದವರು ಒಬ್ಬರೇ. ಆದರೂ ಕಟ್ಟಿದರು. ಸಣ್ಣ ಡಬ್ಬಿಯಲ್ಲಿ ಹಾಕಿ ನೆಲುವಿನ ಮೇಲಿಟ್ಟರು.

ಶ್ರಾವಣ ಬಂದರೆ ಹೀಗೇ. ಎರಡು ವರ್ಷದ ಹಿಂದೆ ಇದೇ ತಿಂಗಳು ಡೆಂಗಿ ಜ್ವರ. ಕಲಘಟಗಿಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟವರು, ಅಂಗಡಿ ಮುಚ್ಚಿ ಬಂದು ಮೈ ಬಿಸಿ ಅಂದರು. ಹುಬ್ಬಳ್ಳಿಯ ಆಸ್ಪತ್ರೆಗೆ ಒಯ್ದೆವು. ವಾರ ಕಳೆಯಲಿಲ್ಲ.

ಅದಕ್ಕಿಂತ ಮೊದಲಿನದು ನೆನಪಾಗಲಿ. ದಿನಾ ಅಂಗಡಿ ತೆರೆಯುವ ಮುಂಚೆ ಗಾಡಿಯ ಮೇಲೆ ನನ್ನನ್ನು ದುಮ್ಮವಾಡಕ್ಕೆ ಬಿಟ್ಟು ಹೋಗುತ್ತಿದ್ದರು. ಹಿಂದೆ ಕೂತು ನಾನು ಅವತ್ತಿನ ಪಾಠ ಗಟ್ಟಿಯಾಗಿ ಓದಿಕೊಳ್ಳುತ್ತಿದ್ದೆ. ಸಾಲೆ ಬಂದರೆ ಗಾಡಿ ನಿಲ್ಲುತ್ತಿರಲಿಲ್ಲ.

"ಹೆಸರ ಹೇಳು, ಬ್ರೇಕ್ ಹಾಕ್ತೀನಿ. ಇಲ್ಲಾಂದ್ರ ಸೀದಾ ಹಳಿಯಾಳ."

"ರೀ, ನಿಲ್ಲಸ್ರಿ. ಹುಡುಗ್ರು ನೋಡಾಕತ್ತಾರ."

"ರೀ ಅಂದ್ರ ಯಾರು? ಈ ಗಾಡಿ ಮ್ಯಾಲೆ ರೀ ಅನ್ನಾವ್ರು ಯಾರೂ ಇಲ್ಲ."

ಬೆನ್ನಿಗೆ ಗುದ್ದಿದ ಮೇಲೆಯೇ ನಿಲ್ಲಿಸುವುದು. ನಾನು ಒಂದು ದಿನವೂ ಹೇಳಲಿಲ್ಲ. ಹೇಳಿಬಿಟ್ಟರೆ ಮರುದಿನದಿಂದ ಆ ಆಟ ಇರುವುದಿಲ್ಲ ಅಂತ ಹೆದರಿಕೆ.

ಈ ಮನೆಯಲ್ಲಿ ಆ ಹೆಸರು ಕಿವಿಗೆ ಬಿದ್ದು ಎರಡು ವರ್ಷ. ಅತ್ತೆ ಹೆತ್ತವರು, ಹೇಳಲು ಅವರಿಗೇನು ಅಡ್ಡಿ? ಅವರೂ ಹೇಳುವುದಿಲ್ಲ. 'ಅಂವ', 'ನಮ್ಮ ಹುಡುಗ'. ಮಾವನಿಗೆ 'ಸಣ್ಣಾಂವ'. ಊರವರು ನನ್ನ ಮುಂದೆ ಮಾತು ತಡೆದು ತಡೆದು ಆಡುತ್ತಾರೆ. ನನಗೆ ಆ ಹೆಸರು ಕೇಳಬೇಕು. ಯಾರಾದರೂ ಬಾಯಿ ತುಂಬ ಹೇಳಬೇಕು, ಮಂದಿಯ ನಡುವೆ ನಾನೂ ಒಮ್ಮೆ ಹೇಳಬೇಕು. ಬೇರೆ ಏನೂ ಕೇಳುತ್ತಿಲ್ಲ.

ಆಗಸ್ಟ್ 24, ಶನಿವಾರ

ಇವತ್ತು ನಗಬೇಕೋ ಅಳಬೇಕೋ ತಿಳಿಯದ ಫಜೀತಿ.

ಅರ್ಧ ದಿನದ ಸಾಲೆ ಮುಗಿಸಿ ಕಲಘಟಗಿಗೆ ಬಂದೆ. ಅತ್ತೆಯ ಆಧಾರ್ ಕಾರ್ಡು ತಿದ್ದಿಸಬೇಕಿತ್ತು. ಕಂಪ್ಯೂಟರ್ ಸೆಂಟರಿನ ಮುಂದೆ ಜಾತ್ರೆಯಷ್ಟು ಮಂದಿ. ನಮ್ಮ ಪಾಳಿ ಬಂತು. ಹುಡುಗ ಕಂಪ್ಯೂಟರಿನಿಂದ ಕಣ್ಣೆತ್ತದೆ "ಹೆಸರು?" ಅಂದ. ಶಿವಗಂಗವ್ವ. "ಗಂಡನ ಹೆಸರು?"

ಅತ್ತೆ ನನ್ನ ಕಡೆ ನೋಡಿದರು. "ಇಕಿ ಹೇಳ್ತಾಳ."

ನಾನು ಹೇಗೆ ಹೇಳಲಿ? ಮಾವನ ಹೆಸರನ್ನು ಸೊಸೆ ಹೇಳುವುದುಂಟೆ! "ಅತ್ತಿ, ನೀವ ಹೇಳ್ರಿ" ಅಂದೆ.

"ನಾ ಹೆಂಗ ಹೇಳಲೇ?"

"ಯಾರರ ಒಬ್ಬರು ಹೇಳ್ರೆವಾ, ಸರ್ವರ್ ಹೋಗತೈತಿ!" ಹುಡುಗ ಬಾಯಿ ಬಾಯಿ ಬಡಿದುಕೊಂಡ. ಅತ್ತೆ ಗೋಡೆಯ ಮೇಲಿದ್ದ ದೇವರ ಕ್ಯಾಲೆಂಡರು ತೋರಿಸಿದರು. "ನಮ್ಮ ಊರ ಬಾಜೂಕ ಗುಡಿ ಐತೆಲ್ಲಪಾ, ಆ ದೇವರ ಹೆಸರ." ಅವನು ಹುಬ್ಬಳ್ಳಿಯ ಹುಡುಗ, ಅವನಿಗೇನು ಗೊತ್ತು ನಮ್ಮ ಊರ ಬಾಜಿನ ಗುಡಿ? ಈಶ್ವರಪ್ಪ ಅಂತ ಹೊಡೆದೇಬಿಟ್ಟ. "ಅಯ್ಯ, ಅಲ್ಲ!" ಅಂತ ಅತ್ತೆ ಕೌಂಟರಿನ ಮೇಲೆ ಕೈ ಬಡಿದರು.

ಹಿಂದಿನ ಸಾಲಿನಿಂದ ಜಮೀಲಾಬಿ ಬಳೆಯ ಬುಟ್ಟಿ ಎತ್ತಿಕೊಂಡೇ ಕೂಗಿದಳು. "ಮಡಿವಾಳೆಪ್ಪ ಅಂತ ಹಾಕಪಾ! ನನಗೇನ ಅವ್ರು ಗಂಡ ಅಲ್ಲ, ಹತ್ತ ಸಲ ಹೇಳ್ತೀನಿ. ಮಡಿವಾಳೆಪ್ಪ, ಮಡಿವಾಳೆಪ್ಪ!"

ಇಡೀ ಸಾಲು ಗೊಳ್ಳೆಂದು ನಕ್ಕಿತು. ಇಂಗ್ಲಿಷ್ ಟೀಚರು ನಾನು, ಪರ್ಸಿನಲ್ಲಿ ಪೆನ್ನು ಇತ್ತು. ಒಂದು ಚೀಟಿಯಲ್ಲಿ ಬರೆದು ಕೊಡಬಹುದು ಅನ್ನುವುದು ಇಬ್ಬರ ತಲೆಗೂ ಹೊಳೆಯಲಿಲ್ಲ.

ವಾಪಸು ಬಸ್ಸಿನಲ್ಲಿ ಅತ್ತೆ ಸೆರಗು ಬಾಯಿಗೆ ಹಿಡಿದು ನಕ್ಕರು. ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಎಷ್ಟು ದಿನದ ಮೇಲೆ! "ಅಂವ ಇದ್ದಿದ್ರ ಇದನ್ನ ಊರ ತುಂಬ ಡಂಗುರಾ ಸಾರತಿದ್ದ ನೋಡಬೇ… ನಮ್ಮ…" ಅಂದರು. ಹೆಸರು ಬಾಯಿಯ ತುದಿಗೇ ಬಂದಿತ್ತು. ಈಗ ಬರುತ್ತದೆ, ಈಗ ಬರುತ್ತದೆ. ಅತ್ತೆ ಕಿಟಕಿಯ ಕಡೆ ತಿರುಗಿ ಗೋವಿನಜೋಳದ ಹೊಲ ನೋಡುತ್ತಾ ಕೂತರು.

ಸೆಪ್ಟೆಂಬರ್ 12

ಸೌಂದರ್ಯಾಳ ಫೋನು. ಅವಳನ್ನು ಕೊಟ್ಟಿದ್ದು ಅಳ್ನಾವರಕ್ಕೆ. ರೈಲು ಹೋಗುವ ಸಪ್ಪಳದಲ್ಲಿ ಅರ್ಧ ಮಾತು ಕೇಳುವುದಿಲ್ಲ. ಬಸಿರಿ. ಏಳನೇ ತಿಂಗಳಿಗೆ, ದೀಪಾವಳಿ ಮುಗಿದ ಮೇಲೆ, ತವರಿನಲ್ಲಿ ಕುಬುಸ. ಹಸಿರು ಸೀರೆ, ಹಸಿರು ಬಳೆ, ಊರ ಹೆಂಗಸರಿಗೆಲ್ಲ ಊಟ.

"ವೈನಿ, ಒಂದ ಕೇಳ್ತೀನಿ, ಇಲ್ಲ ಅನಬ್ಯಾಡ."

"ಏನಬೇ?"

"ನನ್ನ ಕುಬುಸದಾಗ ನೀ ಒಡಪ ಹೇಳಬೇಕು."

ಫೋನು ಇನ್ನೊಂದು ಕಿವಿಗೆ ಬದಲಿಸಿದೆ. ರೈಲು ದಾಟಲಿ ಅಂತ ಕಾಯುತ್ತಿದ್ದೇನೆ ಅಂದುಕೊಂಡಳೋ ಏನೋ, ಅವಳೂ ಕಾದಳು.

"ಕೂಸಿಗೆ ಕೇಳಲಿ ವೈನಿ. ಅದರ ಮಾಂವನ ಹೆಸರ ಅದು ಒಂದ ಸಲನಾದ್ರೂ ಕೇಳಬೇಕೋ ಬ್ಯಾಡೋ? ನಮ್ಮವ್ವ ಹೇಳವಲ್ಲಳು. ಇಲ್ಲಿ ನಮ್ಮ ಮನಿಯವ್ರಿಗಂತೂ ನೆನಪೂ ಇಲ್ಲ."

"ನಿಮ್ಮವ್ವನ್ನ ಕೇಳ್ತೀನಿ" ಅಂದೆ. ಫೋನು ಇಟ್ಟ ಮೇಲೆ, ಎಷ್ಟೋ ದಿನದಿಂದ ಬಾಗಿಲ ಹೊರಗೆ ನಿಂತವಳನ್ನು ಒಳಗಿನಿಂದ ಯಾರೋ ಕೂಗಿದಂತಾಯಿತು.

ಸೆಪ್ಟೆಂಬರ್ 15, ಭಾನುವಾರ. ಮಧ್ಯಾಹ್ನ

ಕೇಳಿದೆ. ಕೇಳಬಾರದಿತ್ತೇನೋ.

ಅತ್ತೆ ಅಕ್ಕಿ ಹಸನು ಮಾಡುತ್ತಿದ್ದರು. ಮೊರದಿಂದ ಕಣ್ಣು ತೆಗೆಯಲಿಲ್ಲ. "ಬ್ಯಾಡ" ಅಂದರು.

"ಮಂದಿ ಏನಂತಾರ ಅಂತ ಏನ್ರಿ ಅತ್ತಿ?"

"ಮಂದಿ ಮನಿ ಹಾಳಾಗಲಿ. ಮಂದಿ ಏನಂದ್ರೂ ನಾ ಇದ್ದೀನಿ ನಿನ್ನ ಹಿಂದ." ಒಂದು ಕಲ್ಲು ಆರಿಸಿ ಎಸೆದು, "ಹೆಸರ ಕರದ್ರ ಓ ಅನ್ನಾವ್ರ ಇರಬೇಕಬೇ."

ಆಮೇಲೆ ಹೇಳಿದರು. ಎರಡು ವರ್ಷದಲ್ಲಿ ಮೊದಲ ಸಲ ಹೇಳಿದರು. ಆಸ್ಪತ್ರೆಯ ಕಡೆಯ ದಿನ ನರ್ಸು ನಮ್ಮಿಬ್ಬರನ್ನು ಒಳಗೆ ಬಿಟ್ಟು, ಹೆಸರು ಹಿಡಿದು ಕರೆಯಿರಿ, ಎಚ್ಚರ ಆಗಬಹುದು ಅಂದಿದ್ದಳು. ಅತ್ತೆ ಕರೆದರು. ಮಂಚದ ಕಬ್ಬಿಣ ಹಿಡಿದುಕೊಂಡು ಕರೆದೇ ಕರೆದರು. ನಾನು ಅತ್ತೆಯ ಹಿಂದೆ ನಿಂತಿದ್ದವಳು "ರೀ… ರೀ, ಇಲ್ಲಿ ನೋಡ್ರಿ" ಅಂದೆ. ರೆಪ್ಪೆ ಅಲುಗಿತು. ಒಂದು ಸಲ ಕಣ್ಣು ತೆರೆದರು, ನನ್ನ ಕಡೆ. ನನಗದು ನೆನಪಿದೆ. ಆ ನೋಟದ ಮೇಲೇ ಇಷ್ಟು ದಿನ ಬದುಕಿದ್ದೇನೆ. ಅತ್ತೆಗೆ ಅದು ಹೇಗೆ ಕಂಡಿತ್ತೆಂದು ಇವತ್ತಿನ ತನಕ ಯೋಚಿಸಿರಲಿಲ್ಲ.

"ನಾ ಇಟ್ಟ ಹೆಸರದು. ತೊಟ್ಟಿಲದಾಗ ಕಿವಿಯಾಗ ನಾನ ಹೇಳಿದ್ದು. ಅವತ್ತ ಅಷ್ಟ ಕರದ್ನೆಲ್ಲ, ಓಗೊಡಲಿಲ್ಲ. ನಿನ್ನ 'ರೀ'ಗೆ ಕಣ್ಣ ತಗದ. ಮತ್ತ ಯಾವ ಬಾಯೀಲೆ ಕರೀಲಿ?"

ಮೊರ ಕೆಳಗಿಟ್ಟು ಹಿತ್ತಲಿಗೆ ಹೋದರು. ಅಕ್ಕಿಯಲ್ಲಿ ಕಲ್ಲು ಹಾಗೇ ಉಳಿದಿತ್ತು. ನಾನು ಹಸನು ಮಾಡಿದೆ.

ಸೆಪ್ಟೆಂಬರ್ 30. ಸ್ಟಾಫ್ ರೂಮು

ಬರೆದಿರಲಿಲ್ಲ. ಬರೆಯಲು ಏನಿತ್ತು…

ದಸರಾ ರಜೆಗೆ ಮುಂಚೆ ನೌನ್ ಮುಗಿಸಬೇಕು ಅಂತ ಹೆಡ್‌ಮಾಸ್ತರರ ಹಟ. ಇವತ್ತು ಉಳಿದದ್ದನ್ನು ಹೇಳಿದೆ. ಹೆಸರಿಗೆ ವಾಕ್ಯದಲ್ಲಿ ಏನಾದರೊಂದು ಕೆಲಸ ಇದ್ದೇ ಇರುತ್ತದೆ. ಕರೆಯುವಾಗ ಮಾತ್ರ ಇಲ್ಲ. "Mumtaz, shut the door." ಕರೆದ ಹೆಸರು ಕಾಮಾ ಹಾಕಿಕೊಂಡು ಬೇರೆ ನಿಲ್ಲುತ್ತದೆ. ಅದು ಕಾಯುವುದು ಎದುರಿನವರ ಉತ್ತರಕ್ಕೆ. "Mumtaz shut the door." ಇಲ್ಲಿ ಯಾರನ್ನೂ ಕರೆಯುತ್ತಿಲ್ಲ. ಅವಳ ವಿಷಯ ಇನ್ನೊಬ್ಬರಿಗೆ ಹೇಳುತ್ತಿದ್ದೇವೆ. ಅವಳು ಇಲ್ಲಿ ಇರದಿದ್ದರೂ ನಡೆಯುತ್ತದೆ.

"ನಾ ಇಲ್ಲೇ ಅದೀನ್ರಿ ಟೀಚರ್" ಅಂದಳು ಮುಮತಾಜ್. ಎದ್ದು ಹೋಗಿ ಬಾಗಿಲು ಹಾಕಿಯೂ ಬಂದಳು. ತಲೆಹರಟೆ.

ಹೇಳುತ್ತಾ ಹೇಳುತ್ತಾ ನನಗೇ ಅತ್ತೆಯ ನೆನಪಾಯಿತು. ಬೋರ್ಡಿನ ಕಡೆ ತಿರುಗಿ ಆ ಕಾಮಾವನ್ನು ಇನ್ನಷ್ಟು ದಪ್ಪ ಮಾಡಿದೆ.

ಅಕ್ಟೋಬರ್ 1. ಬೆಳಿಗ್ಗೆ

ನಿನ್ನೆ ಸಂಜೆ ಒಲೆಯ ಮುಂದೆ ಹೇಳಿದೆ. ಅತ್ತೆ ರೊಟ್ಟಿ ಬಡಿಯುತ್ತಿದ್ದರು, ನಾನು ಬೇಯಿಸುತ್ತಿದ್ದೆ.

"ಅತ್ತಿ, ಒಡಪಿನಾಗ ಯಾರನ್ನೂ ಕರಿಯೂದಲ್ರಿ. ಹೇಳೂದು. ಓಗೊಡಬೇಕಂತ ಏನಿಲ್ಲ. ಇವರು ನಮ್ಮವರು ಅಂತ ಮಂದಿಗೆ ಹೇಳೂದ ಅಷ್ಟ."

ರೊಟ್ಟಿ ಬಡಿಯುವ ಕೈ ನಿಲ್ಲಲಿಲ್ಲ. "ಸಾಲಿಯಾಗ ಇದನ್ನ ಕಲಿಸ್ತೀರೇನು?" ಅಂದರು.

"ಇಂಥಾದ್ದನ್ನ."

"ರೊಟ್ಟಿ ಹೊತ್ತತೈತಿ, ತಿರುವಿ ಹಾಕು."

ಮುಗಿಯಿತು. ಅಷ್ಟೇ. ನನಗೆ ಸಿಟ್ಟು ಬಂತು. ಅತ್ತೆಯ ಮೇಲೆ, ನನ್ನ ಮೇಲೆ, ಇಂಗ್ಲಿಷಿನ ಮೇಲೆ. ರೊಟ್ಟಿ ಹೊತ್ತಿದ್ದು ಖರೆ.

ಅಕ್ಟೋಬರ್ 12. ಬನ್ನಿ ಹಬ್ಬ

ಬನ್ನಿ ಕೊಟ್ಟು "ಬಂಗಾರದಂಗ ಇರೂಣು" ಅಂತ ಊರೆಲ್ಲ ಓಡಾಟ. ನಾನು ಮೂಲೆಯಲ್ಲಿ ಕೂತು ಒಡಪು ಕಟ್ಟುತ್ತಿದ್ದೇನೆ. ಹೇಳುವಂತಿಲ್ಲ, ಕಟ್ಟಲು ಯಾರ ಅಪ್ಪಣೆ ಬೇಕು?

ಹಳೆಯದು ಬೇಡ. ಈ ಮನೆಯವರು ಬಾಗಿಲು ಬಿಟ್ಟು ಎಷ್ಟೋ ವರ್ಷವಾಯಿತು. ಹೊಸದಕ್ಕೆ ಪ್ರಾಸ ಸಿಗುತ್ತಿಲ್ಲ. ಮೊಬೈಲಿಗೆ ಪ್ರಾಸ ಸ್ಟೈಲು. ಥೂ! ಬರೆದು ಹೊಡೆದು ಹಾಕಿದೆ. ಅವರು ಇದ್ದಿದ್ದರೆ ಇದನ್ನೇ ಇಟ್ಟುಕೋ ಅನ್ನುತ್ತಿದ್ದರು, ಅಂಗಡಿಯ ಬೋರ್ಡಿಗೆ.

ಅವರು ಬೇಕು. ಬೇರೆ ಮಾತೇ ಇಲ್ಲ ಇವತ್ತು.

ನವೆಂಬರ್ 5

ಸೌಂದರ್ಯಾ ಬಂದಳು. ಮನೆ ತುಂಬಿತು. ಹೊಟ್ಟೆ ಹಿಡಿದುಕೊಂಡು ಹೊಸ್ತಿಲಲ್ಲೇ ನಿಂತು ನನ್ನನ್ನು ಅಪ್ಪಿಕೊಂಡಳು. "ಒಡಪ ರೆಡಿ ಏನು?" ಅಂತ ಕಿವಿಯಲ್ಲಿ. ನಾನು ತಲೆ ಅಲ್ಲಾಡಿಸಿದೆ, ಇಲ್ಲ ಅಂತ.

ಸಂಜೆ ಬಾಜು ಮನೆಯ ಮೈಲಾರವ್ವ ಬಂದು ಕೂತಳು. ಕುಬುಸದ ಕೆಲಸ ಯಾರು ಯಾರಿಗೆ ಅನ್ನುವ ಮಾತು. ಆರತಿ ಯಾರು, ಉಡಿ ತುಂಬುವವರು ಯಾರು. ನನ್ನ ಹೆಸರು ಬಂದಾಗ ಮೈಲಾರವ್ವ ಕೆಮ್ಮಿದಳು. ಅತ್ತೆ ಬೇಗ ಬೇಗ ಅಂದರು, "ನೇತ್ರಾ ಅಡಗಿ ಮನಿ ನೋಡ್ಕೋತಾಳ. ಹೋಳಿಗಿ ಅಕಿ ಕೈಯಾಗ ಚೊಲೋ ಆಗ್ತಾವ."

ಹೋಳಿಗೆ ಚೆನ್ನಾಗಿ ಆಗುವುದು ನಿಜ. ಅದಕ್ಕೇ ಇನ್ನೂ ನೋವಾಯಿತು. ನಿನ್ನ ಹಿಂದೆ ನಾನಿದ್ದೀನಿ ಅಂದವರು ಇವರೇ ಅಲ್ಲವೇ?

ನವೆಂಬರ್ 16, ಶನಿವಾರ. ರಾತ್ರಿ

ನೌನ್ ಕ್ಲಾಜ್ ಪರೀಕ್ಷೆಯ ಪೇಪರು ತಿದ್ದುತ್ತಿದ್ದೇನೆ. What I want is— ಇದನ್ನು ಪೂರ್ತಿ ಮಾಡಿ ಅಂತ ಕೊಟ್ಟಿದ್ದೆ. ನನಗೆ ಬೇಕಾದದ್ದು ಏನೆಂದರೆ… ಒಬ್ಬ ಸೈಕಲ್ಲು ಅಂದಿದ್ದಾನೆ. ಒಬ್ಬಳು ರಜೆ. ಮುಮತಾಜ್ ಉದ್ದಕ್ಕೆ ಬರೆದಿದ್ದಾಳೆ, ತನಗೆ ಬೇಕಾದದ್ದು ದಾದಿ ಬಳೆಯ ಬುಟ್ಟಿ ಕೆಳಗಿಳಿಸಿ ಮನೆಯಲ್ಲಿ ಕೂರುವುದು ಅಂತ. ತಪ್ಪು ಸ್ಪೆಲಿಂಗು ಹಾಗೇ ಬಿಟ್ಟು ಪೂರ್ತಿ ಮಾರ್ಕು ಕೊಟ್ಟೆ.

ಮಾದರಿ ಉತ್ತರ ಬೋರ್ಡಿನ ಮೇಲೆ ನಾನು ಬರೆಯಬೇಕಿತ್ತು. ಅಷ್ಟು ಬರೆದು ಸೀಮೆಸುಣ್ಣ ಹಿಡಿದು ನಿಂತೆ. ಬೆಲ್ಲು ಹೊಡೆಯಿತು. ಸೋಮವಾರ ಕನಕ ಜಯಂತಿಯ ರಜೆ, ಅವತ್ತೇ ಕುಬುಸ. ಮಂಗಳವಾರ ಬರೆಯುತ್ತೇನೆ ಅಂದೆ.

ಬಸ್ಸಿನಲ್ಲಿ ಒಡಪು ತಾನಾಗಿಯೇ ಬಂತು. ಬೆನ್ನಿಗೆ ಗುದ್ದಿದ ಮೇಲೆ ಗಾಡಿ ನಿಲ್ಲುತ್ತಿದ್ದ ತಿರುವು ದಾಟುವಾಗ. ಇಲ್ಲಿ ಬರೆಯುವುದಿಲ್ಲ. ಬರೆದರೆ ಗೆರೆ ಎಳೆಯಬೇಕಾಗುತ್ತದೆ, ಇದಕ್ಕೆ ಗೆರೆ ಎಳೆಯಲು ಮನಸ್ಸಿಲ್ಲ.

ನವೆಂಬರ್ 18, ಸೋಮವಾರ. ಬೆಳಿಗ್ಗೆ

ಕಡಲೆಬೇಳೆ ಬೇಯುತ್ತಿದೆ. ಎರಡು ನಿಮಿಷ ಸಿಕ್ಕಿತು. ಸೌಂದರ್ಯಾಗೆ ಎಣ್ಣೆ ಹಚ್ಚಿ ಎರೆದದ್ದಾಯಿತು. ಹಸಿರು ಸೀರೆಯಲ್ಲಿ ಥೇಟ್ ಅವರ ಹಾಗೆ ಕಾಣುತ್ತಾಳೆ. ಅದೇ ಮೂಗು. ನೋಡಲಾರದೆ ಒಳಗೆ ಬಂದೆ.

ಅದೇ ದಿನ. ಸಂಜೆ 4

ಮಂದಿ ಹೋದರು. ಪಾತ್ರೆ ಹಾಗೇ ಬಿದ್ದಿದೆ. ಮೊದಲು ಬರೆಯುತ್ತೇನೆ.

ಜಮೀಲಾಬಿ ಬಳೆ ಇಟ್ಟಿದ್ದಾಯಿತು. ಆರತಿಯೂ ಆಯಿತು. ಪಡಸಾಲೆಯಲ್ಲಿ ಒಡಪು ಶುರು. ನಾನು ಒಲೆಯ ಮುಂದೆ, ಕಿವಿ ಎಲ್ಲ ಅಲ್ಲಿಯೇ. ಮೈಲಾರವ್ವನದು ಮೊದಲು.

ತವರಿನ ದಾರ್ಯಾಗ ತಂಪಾದ ಬೇವು,
ಶಿದ್ಲಿಂಗಪ್ಪ ಇದ್ದಲ್ಲಿ ನನಗಿಲ್ಲ ನೋವು.

"ಮುಂಜಾನೆ ಅವನ ಕೂಡ ಜಗಳಾಡಿದ್ದ ಯಾರವಾ ಮತ್ತ?" ಅಂತ ಯಾರೋ ಕಾಲೆಳೆದರು. ಅತ್ತೆಯ ಸರತಿ ಬಂತು. ಬೇಡ ಬೇಡ ಅಂದು, ಎಲ್ಲರೂ ಒತ್ತಾಯ ಮಾಡಿ, ಕೊನೆಗೆ ಹೇಳಿದರು.

ಒಲಿ ಮ್ಯಾಲಿನ ಹಾಲು ಉಕ್ಕಿದ್ರ ಚೆಂದ,
ಮಡಿವಾಳೆಪ್ಪನವರ ಹೆಸರ ಹೇಳೀನಿ ಮಗಳ ಮ್ಯಾಲಿನ ಪ್ರೀತಿಯಿಂದ.

"ಅವತ್ತ ಸೆಂಟರಿನ್ಯಾಗ ಈ ಬಾಯಿ ಎಲ್ಲಿ ಅಡವಿಟ್ಟಿದ್ಯಬೇ ಗಂಗವ್ವಾ!" ಜಮೀಲಾಬಿಯ ಗಂಟಲು. ನಗೆಯೋ ನಗೆ. ನಾನೂ ಒಬ್ಬಳೇ ನಕ್ಕೆ.

ಹೋಳಿಗೆಯ ಪರಾತ ಎತ್ತಿಕೊಂಡು ಹೊರಗೆ ಹೊರಟೆ. ಅಡಿಗೆಮನೆಯ ಬಾಗಿಲಲ್ಲಿ ಸೌಂದರ್ಯಾ. ಕೈ ತುಂಬ ಹಸಿರು ಬಳೆ. ಎರಡೂ ಕೈ ಬಾಗಿಲಿಗೆ ಅಡ್ಡ.

"ಹೆಸರ ಹೇಳು ವೈನಿ, ಬಿಡ್ತೀನಿ."

ನಗೆ ನಿಂತಿತು. ಮೈಲಾರವ್ವ "ಏ ಸೌಂದರ್ಯಾ, ಬ್ಯಾಡಬೇ, ಅಕಿ ಹೆಂಗ…" ಅಂದಳು. ಪೂರ್ತಿ ಅನ್ನಲಿಲ್ಲ. ಸೌಂದರ್ಯಾ ತಿರುಗಿಯೂ ನೋಡಲಿಲ್ಲ. ನಾನು ಅವಳ ಹೆಗಲ ಮೇಲಿಂದ ಅತ್ತೆಯನ್ನು ನೋಡಿದೆ. ಅತ್ತೆ ನೆಲ ನೋಡುತ್ತಿದ್ದರು. ಪರಾತ ಬಿಸಿ, ಕೈ ಸುಡುತ್ತಿತ್ತು. ಹೇಗೆ ಧೈರ್ಯ ಬಂತೋ, ಮೊದಲ ಸಾಲು ಹೇಳಿದೆ.

ದುಮ್ಮವಾಡದ ದಾರ್ಯಾಗ ಗಾಡಿ ಇನ್ನೂ ನಿಂತಿಲ್ಲ…

ಮುಂದಿನ ಸಾಲಿನ ಮೊದಲ ಮಾತೇ ಅವರ ಹೆಸರು. ಬಾಯಿ ತೆರೆದೆ, ಬರಲಿಲ್ಲ. ಎರಡು ವರ್ಷದಿಂದ ಒಳಗೆ ಇಟ್ಟುಕೊಂಡದ್ದು, ಬೇಕೆಂದಾಗ ಬರಲಿಲ್ಲ. ಎಲ್ಲರೂ ಕಾಯುತ್ತಿದ್ದರು. ಸೌಂದರ್ಯಾಳ ಕೈ ಬಾಗಿಲಿನಿಂದ ಕೆಳಗಿಳಿಯತೊಡಗಿತು.

ಆಗ ಅತ್ತೆ ಕರೆದರು.

ಒಡಪಲ್ಲ, ಏನಲ್ಲ. ಬರೀ ಹೆಸರು. ಹೊರಗೆ ಆಡುತ್ತಿರುವ ಮಗನನ್ನು ಉಣ್ಣಲು ಕರೆಯುವ ಹಾಗೆ, ಗಂಟಲು ಬಿಟ್ಟು, ಪಡಸಾಲೆ ತುಂಬುವ ಹಾಗೆ ಕರೆದರು.

ಹೊರಗೆ ಕಟ್ಟೆಯ ಮೇಲೆ ಗಂಡಸರ ನಡುವೆ ಮಾವ ಕೂತಿದ್ದರು. ಎಷ್ಟೋ ವರ್ಷದ ರೂಢಿ. ಮಗ ಅಂಗಡಿಯಲ್ಲಿದ್ದಾಗ, ಹೊಲದಲ್ಲಿದ್ದಾಗ, ಅತ್ತೆ ಹೀಗೆ ಕೂಗಿದರೆ ಅವನ ಬದಲು ಉತ್ತರ ಕೊಡುತ್ತಿದ್ದವರು ಅವರೇ. "ಓ…" ಅಂದರು.

ಅಂದ ಮೇಲೆ ಅವರಿಗೇ ಗೊತ್ತಾಗಿರಬೇಕು. ಕಟ್ಟೆಯ ಮೇಲೂ ಮಾತು ನಿಂತಿತು.

ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡರು. "ಹೇಳು ನೇತ್ರಾ. ಜೋರ ಹೇಳು. ನಿಮ್ಮ ಮಾವಗ ಹೊರಗ ಕೇಳಬೇಕು."

ಹೇಳಿದೆ. ಹೆಸರನ್ನೂ ಹೇಳಿದೆ, ಉಳಿದದ್ದನ್ನೂ ಹೇಳಿದೆ. ಕೊನೆಗೆ ದನಿ ಒಡೆಯಿತು, ಆದರೂ ನಿಲ್ಲಿಸಲಿಲ್ಲ. ಜಮೀಲಾಬಿ ಗೊಳೋ ಅಂತ ಅತ್ತಳು. ಮೈಲಾರವ್ವ ಕೂಡ ಮೂಗು ಒರೆಸಿಕೊಂಡಳು. ಸೌಂದರ್ಯಾ ನನ್ನ ಬಲಗೈ ಎಳೆದು ಹೊಟ್ಟೆಯ ಮೇಲೆ ಇಟ್ಟುಕೊಂಡು "ಕೇಳಿತು ವೈನಿ, ಒದೀತ ನೋಡು" ಅಂದಳು. ನನಗೇನೂ ಗೊತ್ತಾಗಲಿಲ್ಲ, ಕೈ ಸುಟ್ಟು ಜೋಮು ಹಿಡಿದಿತ್ತು. ಒಂದು ಹೋಳಿಗೆ ನೆಲಕ್ಕೆ ಬಿತ್ತು.

ನವೆಂಬರ್ 19, ಮಂಗಳವಾರ. ಬೆಳಿಗ್ಗೆ

ಬಸ್ಸಿಗೆ ಹೊತ್ತಾಯಿತು. ಅತ್ತೆ ಬುತ್ತಿ ಕಟ್ಟುತ್ತಿದ್ದಾರೆ. ಕಟ್ಟುತ್ತಾ ಸೌಂದರ್ಯಾಗೆ ಹೇಳುತ್ತಿದ್ದಾರೆ, ನನ್ನವರು ಸಣ್ಣವರಿದ್ದಾಗ ರೇಡಿಯೋ ಬಿಚ್ಚಿ ಮತ್ತೆ ಜೋಡಿಸಲು ಬರದೆ ಕಣಜದಲ್ಲಿ ಅಡಗಿ ಕೂತದ್ದು. ಮಾತಿಗೊಮ್ಮೆ ಹೆಸರು. ಮತ್ತೆ ಮತ್ತೆ ಹೆಸರು. ನಾನು ಚಪ್ಪಲಿ ಹಾಕಿಕೊಂಡವಳು ತೆಗೆದು ಮತ್ತೆ ಒಳಗೆ ಬಂದೆ. ನೆಲುವಿನ ಮೇಲಿನ ಡಬ್ಬಿ ಕೆಳಗಿಳಿದಿದೆ.

ಬಾಯಿ ಹೇಳಿಬಿಟ್ಟಿತು. ಇಲ್ಲಿ ಮಾತ್ರ ಇನ್ನೂ ಬರೆದಿಲ್ಲ. ಪೆನ್ನು ಹಟ ಮಾಡುತ್ತಿದೆ. ಇವತ್ತು ಬೋರ್ಡಿನ ಮೇಲಿನ ವಾಕ್ಯ ಬೇರೆ ಪೂರ್ತಿ ಮಾಡಬೇಕು, ಹುಡುಗರು ಬಿಡುವುದಿಲ್ಲ. ಹಾರ್ನು ಕೇಳಿಸಿತು. ಇರಲಿ, ಒಂದೇ ನಿಮಿಷ—

ದುಮ್ಮವಾಡದ ದಾರ್ಯಾಗ ಗಾಡಿ ಇನ್ನೂ ನಿಂತಿಲ್ಲ,
ಈರೇಶ